ರೊಟ್ಟಿ ಅಳೆದ ಕಟ್ಟೆ

ಜೋಳದ ರೊಟ್ಟಿ ಬಡಿಯುವುದು ಅಂಗೈ, ಆದರೆ ದಣಿಯುವುದು ಹೆಗಲು. ಬಿಸಿನೀರಿನಲ್ಲಿ ನಾದಿದ ಹಿಟ್ಟಿನ ಉಂಡೆ ಪರಾತದಲ್ಲಿ ತಿರುಗುತ್ತ ಅಗಲವಾಗಬೇಕಾದರೆ ಕೈ ಮೇಲಿನಿಂದ ಬೀಳಬೇಕು, ಹಿಟ್ಟು ಮೊಣಕೈಗಿಂತ ಸಾಕಷ್ಟು ಕೆಳಗಿರಬೇಕು. ನೆಲದ ಮೇಲೆ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕೂತವಳಿಗೆ ಈ ಅಂತರ ತಾನಾಗಿಯೇ ಸಿಗುತ್ತಿತ್ತು. ಅದೇ ರೊಟ್ಟಿಯನ್ನು ನಿಂತು ಬಡಿಯುವ ಕಾಲ ಬಂದಾಗ ಇಂಚಿನ ಲೆಕ್ಕ ಶುರುವಾಯಿತು. ಚಿಕ್ಕೋಡಿ ತಾಲ್ಲೂಕಿನ ಏಕಸಂಬಿಯಲ್ಲಿ, ದೂಧಗಂಗೆಯ ಈಚೆ ದಂಡೆಯ ಊರುಗಳಲ್ಲಿ, ಅತ್ತ ನಿಪ್ಪಾಣಿ, ಇತ್ತ ರಾಯಬಾಗ, ಅಥಣಿ, ಕಾಗವಾಡದ ತನಕ ಅಡಿಗೆಮನೆ ನೆಲದಿಂದ ಸೊಂಟದ ಎತ್ತರಕ್ಕೆ ಏರಿದ ಕತೆಯಲ್ಲಿ ಕಲ್ಲು, ರೈಲು, ಕಬ್ಬು, ಸಿಲಿಂಡರು ಎಲ್ಲವೂ ಇವೆ. ಆದರೆ ಆ ಎತ್ತರ ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ಮಾತ್ರ ರೊಟ್ಟಿಯದು.

ಏಕಸಂಬಿಗೆ ಕಲ್ಲಿನ ಕೆಲಸ ಹೊಸದಲ್ಲ. 12ನೇ ಶತಮಾನದಲ್ಲಿ ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣ ಇಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದ. ಅದರ ಹೆಸರು ಕೇಳಿ ರಟ್ಟರ ದೊರೆ ಕಾರ್ತವೀರ್ಯ ನೋಡಲು ಬಂದದ್ದನ್ನು ಶಾಸನ ಹೇಳುತ್ತದೆ. ಆದರೆ ಬಸದಿಗೆ ಬಂದ ಕಲ್ಲು ಅಡಿಗೆಮನೆಗೆ ಬರಲು ಎಂಟು ಶತಮಾನ ಬೇಕಾಯಿತು. ಅಡಿಗೆಮನೆ ಅಲ್ಲಿಯವರೆಗೂ ಮಣ್ಣಿನದಾಗಿಯೇ ಉಳಿಯಿತು: ಮಣ್ಣಿನ ಒಲೆ, ಸಗಣಿ ಸಾರಿಸಿದ ನೆಲ, ಗೋಡೆಯಲ್ಲೇ ಬಿಟ್ಟ ಮಾಡ.

ಆ ಅಡಿಗೆಮನೆಯಲ್ಲಿ ಪೀಠೋಪಕರಣ ಎನ್ನುವಂಥದ್ದು ಇರಲೇ ಇಲ್ಲ ಅನ್ನಿಸಬಹುದು. ನೋಡುವ ಕಣ್ಣಿದ್ದರೆ ಎಲ್ಲವೂ ಇತ್ತು. ಕೂಡಲು ಮಣೆ, ಹೆಚ್ಚಲು ಈಳಿಗೆ ಮಣೆ, ಕುಟ್ಟಲು ನೆಲದಲ್ಲೇ ಹುಗಿದ ಒಳ್ಳು, ಬೀಸಲು ಬೀಸುಕಲ್ಲು. ಒಂದರ ಮೇಲೊಂದು ಏರಿಸಿದ ಅಡಕಲ ಗಡಿಗೆಗಳು ಕಪಾಟಿನ ಕೆಲಸ ಮಾಡುತ್ತಿದ್ದವು. ಬೆಕ್ಕಿಗೂ ಇರುವೆಗೂ ಎಟುಕದಂತೆ ಹಾಲು ಮೊಸರು ನೆಲುವಿನಲ್ಲಿ ತೂಗುತ್ತಿದ್ದವು. ಕಾಳು ಕಡಿ ಕಣಜದಲ್ಲಿ, ಜೋಳ ನೆಲದಡಿಯ ಹಗೇವಿನಲ್ಲಿ. ಬಡಿಗೇರನ ಕೈ ಬಿದ್ದ ವಸ್ತು ಬಹಳವೆಂದರೆ ಮೂರು ನಾಲ್ಕು. ಉಳಿದದ್ದೆಲ್ಲ ಕುಂಬಾರ, ಕಲ್ಲುಕುಟಿಗ ಮತ್ತು ಮನೆಯ ಹೆಂಗಸರ ಕೈಕೆಲಸ. ಒಲೆಯನ್ನಂತೂ ಅವರೇ ಹಾಕುತ್ತಿದ್ದರು: ಮಣ್ಣು ಹದಗೊಳಿಸಿ, ತಮ್ಮ ಮನೆಯ ಹಂಚಿನ ಅಳತೆಗೆ ಬಾಯಿ ಬಿಟ್ಟು, ಪಕ್ಕದಲ್ಲಿ ಪಲ್ಯ ಕಾಯಿಸಲು ಇನ್ನೊಂದು ಬಾಯಿ ಕೂಡಿಸಿ. ಅಳತೆಗೆ ತಕ್ಕಂತೆ ಮಾಡಿಸಿದ ಅಡಿಗೆಮನೆ ಎಂದು ಇವತ್ತು ದುಡ್ಡು ಕೊಟ್ಟು ಕೊಳ್ಳುವುದು ಅವತ್ತು ಪ್ರತಿ ಮನೆಯಲ್ಲೂ ಇತ್ತು.

ಇದನ್ನು ಹೊಗಳಿ ಬಿಡುವುದು ಸುಲಭ, ನ್ಯಾಯವಲ್ಲ. ತೊಗರಿ ಕಟ್ಟಿಗೆ, ಕುಳ್ಳು, ಕಬ್ಬಿನ ರವದಿ ಉರಿಸುತ್ತಿದ್ದ ಆ ಒಲೆಯ ಮುಂದೆ ಹೊಗೆ ಕುಡಿಯುತ್ತ ಹಿಂದಿನ ತಲೆಮಾರುಗಳ ಕಣ್ಣು, ಎದೆ ಸವೆದವು. ಮಾಡಿನ ಜಂತಿಗೆ ಮೆತ್ತಿದ ಕರಿ ಒಳಗೂ ಮೆತ್ತುತ್ತಿತ್ತು.

ನಿಂತು ಅಡಿಗೆ ಮಾಡುವ ಕಟ್ಟೆ ಯಾಕೆ ತಡವಾಯಿತು ಎಂಬುದಕ್ಕೆ ಒಂದು ಉತ್ತರ ಈ ನೆಲದ ಅಡಿಯಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಈ ಉತ್ತರ ಭಾಗ ದಖನ್ನಿನ ಲಾವಾ ಹಾಸಿನ ಮೇಲಿದೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಕರಿಕಲ್ಲು. ಗೋಡೆಗೆ, ಬಾವಿಗೆ, ಬೀಸುಕಲ್ಲಿಗೆ ಇದು ಉತ್ತಮ. ಆದರೆ ಹಲಗೆಯಂತೆ ಸೀಳಿಕೊಳ್ಳುವ ಗುಣ ಇದಕ್ಕಿಲ್ಲ. ಕುಟ್ಟಿದರೆ ತುಂಡು ತುಂಡಾಗಿ ಒಡೆಯುತ್ತದೆ. ಅಗಲವಾದ, ತೆಳುವಾದ, ಮಟ್ಟಸವಾದ ಕಲ್ಲು ಬೇಕೆಂದರೆ ಹೊರಗಿನಿಂದಲೇ ಬರಬೇಕು.

ಹಾಗೆ ಬಂದದ್ದು ಶಹಾಬಾದಿನ ಫರಶಿ. ಕಲಬುರಗಿ ಜಿಲ್ಲೆಯ ಆ ಸುಣ್ಣದಕಲ್ಲು ಪದರು ಪದರಾಗಿಯೇ ಹುಟ್ಟಿದೆ. ಉಳಿ, ಹಾರೆ, ಕೈಚಳಕ ಇದ್ದರೆ ಯಂತ್ರವಿಲ್ಲದೆಯೇ ಹಲಗೆ ಏಳುತ್ತದೆ. ಶಹಾಬಾದ್ ಮುಂಬೈ–ಮದ್ರಾಸ್ ರೈಲುದಾರಿಯ ಮೇಲೆ ಇದ್ದದ್ದು ಅದರ ಭಾಗ್ಯ. ಇತ್ತ ಮೀರಜ–ಲೋಂಡಾ ದಾರಿ ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳ ಮೂಲಕ ಹಾಯುತ್ತದೆ. ನಿಲ್ದಾಣದಿಂದ ಊರಿಗೆ ಬಂಡಿ, ಆಮೇಲೆ ಲಾರಿ. ಮೊದಲು ಈ ಫರಶಿ ಪಡಸಾಲೆಗೆ, ಬಚ್ಚಲಿಗೆ ಹಾಸಾಯಿತು. ಅಡಿಗೆಮನೆಗೆ ಬಂದಾಗಲೂ ನೆಲವಾಗಿಯೇ ಬಂತು. ಜೈನ ಮನೆಗಳು ಹೆಚ್ಚಿರುವ ಈ ಸೀಮೆಯಲ್ಲಿ ಅದಕ್ಕೆ ಇನ್ನೊಂದು ಅನುಕೂಲವೂ ಇತ್ತು: ಕತ್ತಲಾಗುವ ಮೊದಲೇ ಊಟ ಮುಗಿಸಿ, ನೀರು ಸೋಸಿ ಕುಡಿದು, ಸಣ್ಣ ಜೀವಕ್ಕೂ ನೋವಾಗದಂತೆ ನಡೆಯುವ ಮನೆಗೆ ಸೀಳು ಬಿಟ್ಟ ಮಣ್ಣಿನ ನೆಲಕ್ಕಿಂತ ಒರೆಸಿದರೆ ಕಣ್ಣಿಗೆ ಪೂರ್ತಿ ಕಾಣುವ ಫರಶಿ ಹಿತ.

ಹಲಗೆಕಲ್ಲು ಬಂತು. ಅದನ್ನು ಸೊಂಟದ ಎತ್ತರಕ್ಕೆ ಏರಿಸುವ ಒತ್ತಾಯ ಇನ್ನೂ ಬಂದಿರಲಿಲ್ಲ.

ಒತ್ತಾಯ ತಂದದ್ದು ಬೆಂಕಿ. 1892ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಪ್ರೈಮಸ್ ಪಂಪ್ ಸ್ಟೋವು ಭಾರತದ ಮನೆಗಳಿಗೂ ಬಂತು, ಆದರೆ ಅದನ್ನು ಎಲ್ಲಿ ಬೇಕಾದರೂ ಇಡಬಹುದಿತ್ತು, ನೆಲವೇ ಸಾಕಾಯಿತು. ಗೋಬರ್ ಗ್ಯಾಸು ಸ್ವಲ್ಪ ಹೆಚ್ಚು ಹಟಮಾರಿ. ಎಮ್ಮೆ, ಕಬ್ಬು ಎರಡೂ ಸಮೃದ್ಧವಾಗಿರುವ ಚಿಕ್ಕೋಡಿ ಸೀಮೆಗೆ ಅದು ಹೇಳಿ ಮಾಡಿಸಿದ ಇಂಧನ. ರಾಷ್ಟ್ರೀಯ ಜೈವಿಕ ಅನಿಲ ಕಾರ್ಯಕ್ರಮ 1981–82ರಲ್ಲಿ ಆರಂಭವಾದ ಮೇಲೆ ಹಿತ್ತಲಿನ ಗುಂಡಿಗೆ ಸಹಾಯಧನವೂ ಸಿಕ್ಕಿತು. ಅದರ ಪೈಪು ಗೋಡೆ ಕೊರೆದು ಒಳಗೆ ಬರುವುದರಿಂದ ಒಲೆಗೆ ಒಂದು ಕಾಯಂ ಜಾಗ ಗೊತ್ತುಮಾಡಲೇಬೇಕಾಯಿತು.

ಕೊನೆಯ ಮಾತು ಸಿಲಿಂಡರಿನದು. ಅಡಿಗೆ ಅನಿಲ ಮುಂಬೈಯಲ್ಲಿ 1955ರಲ್ಲಿ ಬರ್ಶೇನ್ ಹೆಸರಿನಿಂದ, ಕೋಲ್ಕತ್ತದಲ್ಲಿ 1965ರಲ್ಲಿ ಇಂಡೇನ್ ಹೆಸರಿನಿಂದ ಮನೆ ಸೇರಿತು; ಹಳ್ಳಿಗಳನ್ನು ಮುಟ್ಟಲು ದಶಕಗಳೇ ಹಿಡಿದವು. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗುವುದಿಲ್ಲ, ನೆಲಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ 14.2 ಕಿಲೋ ಅನಿಲದ ಸಿಲಿಂಡರು ಕೆಳಗೆ ನೆಟ್ಟಗೆ ನಿಲ್ಲಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು ಎಂಬುದು ಸುರಕ್ಷೆಯ ನಿಯಮ. ಸಾವಿರ ವರ್ಷ ಕೂತು ಅಡಿಗೆ ಮಾಡಿದವರನ್ನು ಎಬ್ಬಿಸಿ ನಿಲ್ಲಿಸಿದ್ದು ಫ್ಯಾಶನ್ನು ಎಂದು ಹಿರಿಯರು ಗೊಣಗಿದ್ದುಂಟು. ಎಬ್ಬಿಸಿದ್ದು ಈ ನಿಯಮ. ಜನರ ಬಾಯಲ್ಲಿ ಎತ್ತರದ ಕಟ್ಟೆಗೆ ಗ್ಯಾಸ್ ಕಟ್ಟಿ ಎಂದೇ ಹೆಸರು ಬಿದ್ದದ್ದು ಇತಿಹಾಸವನ್ನು ಸರಿಯಾಗಿಯೇ ದಾಖಲಿಸಿದೆ.

ಕಟ್ಟೆಗೆ ಬೇಕಾದ ದುಡ್ಡು ಕಬ್ಬು ಕೊಟ್ಟಿತು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ನಿಂತಿತು. ಆಮೇಲೆ ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಸುತ್ತ ಸಹಕಾರಿ ಕಾರ್ಖಾನೆಗಳು ಎದ್ದವು. ಕಬ್ಬಿನ ಬಿಲ್ಲು ಕೈಸೇರಿದ ವರ್ಷ ಮನೆಗೆ ಕೈ ಹಾಕುವುದು ಈ ಭಾಗದ ರೂಢಿ. ಎರಡು ಅಡ್ಡ ಗೋಡೆ ಎಬ್ಬಿಸಿ ಮೇಲೆ ಒಂದು ಹಲಗೆಕಲ್ಲು ಮಲಗಿಸಿದರೆ ಕಟ್ಟೆ. ಅದೇ ಕಲ್ಲಿನ ತುಂಡುಗಳನ್ನು ಕೆಳಗೆ ಅಡ್ಡಲಾಗಿ ಕೂಡಿಸಿದರೆ ಖಾನೆ. ಈ ಹಂತದಲ್ಲಿ ಗೆದ್ದದ್ದು ಆಂಧ್ರದ ಕಡಪಾ. ಕಪ್ಪಗೆ, ನುಣುಪಾಗಿ, ಅಗ್ಗವಾಗಿ ಸಿಕ್ಕಿತು. ಕಟ್ಟೆ ಕಡಪಾದ್ದು, ಗೋಡೆಯ ರ್‍ಯಾಕು ಕಡಪಾದ್ದು, ಅದರ ಮೇಲೆ ಹಿತ್ತಾಳೆ, ತಾಮ್ರದ ಭಾಂಡೆ, ಆಮೇಲಾಮೇಲೆ ಸ್ಟೀಲಿನ ಡಬ್ಬಿಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲುಗಟ್ಟಿದವು. ಇಚಲಕರಂಜಿ, ಕೊಲ್ಹಾಪುರದ ಪೇಟೆ ಹತ್ತಿರವಿರುವ ಗಡಿನಾಡಿನಲ್ಲಿ ಆ ಸಾಲು ಮನೆತನದ ಹೆಮ್ಮೆಯೂ ಆಗಿತ್ತು. ಬಾಗಿಲು ಹಾಕಿ ಮುಚ್ಚುವ ಕಪಾಟಿನ ಯೋಚನೆ ಯಾರಿಗೂ ಬರಲಿಲ್ಲ. ಹೊಳೆಯುವ ಭಾಂಡೆಯನ್ನು ಮುಚ್ಚಿಡುವುದು ಯಾಕೆ?

ಕಡಪಾಕ್ಕೂ ಒಂದು ದೋಷವಿದೆ. ಅದೂ ಶಹಾಬಾದಿನಂತೆ ಸುಣ್ಣದಕಲ್ಲಿನ ಜಾತಿ. ಲಿಂಬೆ ಹಿಂಡಿದ ಕಡೆ, ಹುಣಸೆಹುಳಿ ಚೆಲ್ಲಿದ ಕಡೆ, ಮಜ್ಜಿಗೆ ತುಳುಕಿದ ಕಡೆ ಆಮ್ಲ ಕಲ್ಲನ್ನು ತಿಂದು ಹೊಳಪು ಹೋಗಿ ಬೆಳ್ಳಗಿನ ಕಲೆ ಕೂರುತ್ತದೆ. ಎಷ್ಟು ತಿಕ್ಕಿದರೂ ಹೋಗದ ಆ ಕಲೆ ಕೊಳೆಯಲ್ಲ, ಕಲ್ಲೇ ಸವೆದ ಗುರುತು. ಗ್ರಾನೈಟು ಆಮ್ಲಕ್ಕೆ ಜಗ್ಗುವುದಿಲ್ಲ. ಇಲಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಕಲ್ಲುಗಳು ಕರ್ನಾಟಕದ್ದೇ ಆದರೂ ಏಕಸಂಬಿಯ ಕಟ್ಟೆಗೆ ತಡವಾಗಿ ಬಂದವು. ಗ್ರಾನೈಟಿನಲ್ಲಿ ಪದರಿಲ್ಲ, ಉಳಿಗೆ ತೆಳು ಹಲಗೆ ಏಳುವುದಿಲ್ಲ. ವಜ್ರದ ಹಲ್ಲಿನ ಗರಗಸ, ಪಾಲಿಶ್ ಯಂತ್ರ ಬೇಕು. ಆ ಕಾರ್ಖಾನೆಗಳು ಹೆಚ್ಚಿ ಬೆಲೆ ಇಳಿದ ಮೇಲೆ, ಅಂದರೆ 1990ರ ದಶಕದಿಂದೀಚೆಗೆ, ಊರ ಮನೆಗಳಿಗೂ ಅದು ಎಟುಕಿತು. 18 ಮಿಲಿಮೀಟರು ದಪ್ಪದ ಕಲ್ಲು ಚದರ ಅಡಿಗೆ ಸುಮಾರು ನಾಲ್ಕೂವರೆ ಕಿಲೋ ತೂಗುತ್ತದೆ. ಎರೆಭೂಮಿಯ ಊರಿನಲ್ಲಿ ಈ ಭಾರದ ಲೆಕ್ಕ ಹಾಕಲೇಬೇಕು: ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲದ ಮೇಲೆ ಬುನಾದಿ ಗಟ್ಟಿಯಿಲ್ಲದಿದ್ದರೆ ಎಂಥ ದುಬಾರಿ ಕಲ್ಲೂ ಕೂಡುಗೆರೆಯಲ್ಲಿ ಬಾಯಿ ಬಿಡುತ್ತದೆ.

ಈಗ ಎತ್ತರದ ಮಾತಿಗೆ ಬರೋಣ. 1926ರಲ್ಲಿ ಮಾರ್ಗರೆಟ್ ಷ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟಿನ ಕಾರ್ಮಿಕರ ಮನೆಗಳಿಗೆ ಸುಮಾರು ಆರೂವರೆ ಚದರ ಮೀಟರಿನ ಅಡಿಗೆಮನೆ ರೂಪಿಸಿದಳು. ಹೆಣ್ಣಿನ ಒಂದೊಂದು ಹೆಜ್ಜೆಯನ್ನೂ ಎಣಿಸಿ, ಕೈಗೆಟುಕುವಂತೆ ಕಟ್ಟೆ, ಖಾನೆ, ತೊಟ್ಟಿ ಜೋಡಿಸಿದ ಆ ಮಾದರಿ ಸುಮಾರು 10,000 ಮನೆ ಸೇರಿತು. ಇಂದಿನ ಮಾಡ್ಯುಲರ್ ಕಿಚನ್ನಿನ ತಾಯಿಬೇರು ಅದು. ಹೆಣ್ಣಿನ ದಣಿವನ್ನು ಲೆಕ್ಕಕ್ಕೆ ಹಿಡಿದ ಆ ಕೆಲಸ ದೊಡ್ಡದು. ಆದರೆ ಅದು ಎಣಿಸಿದ ಕೆಲಸಗಳಲ್ಲಿ ರೊಟ್ಟಿ ಬಡಿಯುವುದು ಇರಲಿಲ್ಲ.

ಯುರೋಪಿನ ಕಟ್ಟೆ ಸಾಮಾನ್ಯವಾಗಿ 36 ಇಂಚು. ನಮ್ಮಲ್ಲಿ ಗೌಂಡಿಗಳು 32ರಿಂದ 34 ಹಿಡಿಯುತ್ತಾರೆ. ಐದು ಅಡಿ ಎತ್ತರದ ಹೆಣ್ಣುಮಗಳ ಮೊಣಕೈ ನೆಲದಿಂದ ಸುಮಾರು 37–38 ಇಂಚಿಗೆ ಬರುತ್ತದೆ. ಕಾಯಿಪಲ್ಯ ಹೆಚ್ಚುವಂಥ ಹಗುರ ಕೆಲಸಕ್ಕೆ ಮೊಣಕೈಯಿಂದ ನಾಲ್ಕೈದು ಇಂಚು ಕೆಳಗಿದ್ದರೆ ಸಾಕು. ಒತ್ತುವ, ಬಡಿಯುವ ಕೆಲಸಕ್ಕೆ ಇನ್ನೂ ಕೆಳಗೆ ಇಳಿಯಬೇಕು. ಅಂದರೆ 34 ಇಂಚಿನ ಕಟ್ಟೆ ಚಹಾ, ಪಲ್ಯ, ಸಾರಿಗೆ ಒಪ್ಪುತ್ತದೆ, ರೊಟ್ಟಿಗೆ ಒಪ್ಪುವುದಿಲ್ಲ. ಪರಾತದ ಎತ್ತರವೂ ಸೇರಿ ಹೆಗಲು ಮೇಲೆದ್ದು, ಹತ್ತು ರೊಟ್ಟಿಗೇ ಕತ್ತು ಹಿಡಿಯುತ್ತದೆ. ಪರಿಹಾರ ಸರಳವಾಗಿದೆ: ಕಟ್ಟೆಯ ಒಂದು ತುದಿಯ ಎರಡು ಅಡಿಯನ್ನಾದರೂ 28–29 ಇಂಚಿಗೆ ಇಳಿಸುವುದು. ನಕ್ಷೆ ಬರೆಯುವವರು ಕಲ್ಲಿನ ಬಣ್ಣಕ್ಕೆ ಕೊಡುವಷ್ಟು ಸಮಯವನ್ನು ಇದಕ್ಕೆ ಕೊಡುವುದಿಲ್ಲ ಎಂಬುದು ಬೇಸರದ ಸಂಗತಿ. ಬಡಿಯುವವಳನ್ನು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಕಟ್ಟೆಯ ಕೆಳಗಿನ ಖಾನೆಯ ಆಯ್ಕೆಯನ್ನು ಇಲ್ಲಿ ಹೊಳೆ ಮಾಡುತ್ತದೆ. ಕೃಷ್ಣೆ, ದೂಧಗಂಗೆ, ವೇದಗಂಗೆ ತುಂಬಿದರೆ ಕಲ್ಲೋಳ–ಯಡೂರು, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗುವುದು ಪ್ರತಿ ಮಳೆಗಾಲದ ಸುದ್ದಿ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ನೀರು ದಂಡೆಯ ಊರುಗಳ ಮನೆಯೊಳಗೇ ಬಂತು. ಕಟ್ಟಿಗೆಯ ಹೊಟ್ಟನ್ನು ಒತ್ತಿ ಮಾಡಿದ ಹಲಗೆ ನೀರು ಕುಡಿದರೆ ಬನ್ನಿನಂತೆ ಉಬ್ಬುತ್ತದೆ, ಒಣಗಿದ ಮೇಲೆ ಪುಡಿಯಾಗುತ್ತದೆ. ಐಎಸ್ 710 ಗುರುತಿನ ಪ್ಲೈವುಡ್ಡು ಪರೀಕ್ಷೆಯಲ್ಲಿ 72 ತಾಸು ಕುದಿಯುವ ನೀರನ್ನು ತಾಳಬೇಕು. ಹಣವಿದ್ದವರಿಗೆ ಅದು ಸರಿ, ಆದರೂ ಕೆಸರಿನ ನೀರು ವಾರಗಟ್ಟಲೆ ನಿಂತರೆ ಅದರ ಬಿಜಾಗರಿಯೂ ಅಂಚೂ ಉಳಿಯುವ ಭರವಸೆಯಿಲ್ಲ. ಹಾಗಾಗಿ ಹೊಳೆಯ ಹತ್ತಿರದ ಊರಿಗೆ ಹಳೆಯ ಕಡಪಾ ಖಾನೆಯೇ ಇಂದಿಗೂ ಜಾಣ ಆಯ್ಕೆ: ನೀರು ಇಳಿದ ಮೇಲೆ ಪೈಪು ಹಿಡಿದು ತೊಳೆದರೆ ಮುಗಿಯಿತು. ಅದರೊಳಗೆ ಸ್ಟೀಲಿನ ಟ್ರಾಲಿ ಕೂಡಿಸಿದರೆ ಬಗ್ಗಿ ತಡಕಾಡುವ ಕಷ್ಟವೂ ತಪ್ಪುತ್ತದೆ. ಗೆದ್ದಲಿಗೂ ಅಲ್ಲಿ ಕೆಲಸವಿಲ್ಲ.

ಪೇಟೆಯಲ್ಲಿ ಈಗ ಕ್ವಾರ್ಟ್ಜ್ ಎಂಬ ಕೃತಕ ಕಲ್ಲಿನ ಮಾತು ಜೋರಾಗಿದೆ. ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿ ಮಾಡಿದ ಹಲಗೆ ಅದು. ಕಲೆ ಹಿಡಿಯುವುದು ಕಡಿಮೆ, ಬಣ್ಣ ಬೇಕಾದದ್ದು. ಆದರೆ ಬಿಸಿ ಹಂಚನ್ನು ನೇರ ಇಟ್ಟರೆ ರಾಳ ಸುಡುತ್ತದೆ. ಹಂಚು ದಿನಾ ಕೆಳಗಿಳಿಯುವ ರೊಟ್ಟಿ ಮನೆಗೆ ಇದು ಸಣ್ಣ ವಿಚಾರವಲ್ಲ. ಇನ್ನೂ ಗಂಭೀರವಾದದ್ದು ಅದನ್ನು ಕೊಯ್ಯುವವರ ಪಾಡು. ಒಣದಾಗಿ ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಪುಪ್ಪುಸಕ್ಕೆ ಇಳಿದು ಸಿಲಿಕೋಸಿಸ್ ತರುತ್ತದೆ. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಲ್ಲನ್ನು ನಿಷೇಧಿಸಿತು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ಯಾವ ಕಲ್ಲೇ ಆಗಲಿ, ಮನೆಯಂಗಳದಲ್ಲಿ ಕಟ್ಟರ್ ಹಿಡಿದು ಕೂತ ಹುಡುಗನ ಪಕ್ಕ ನೀರಿನ ಪೈಪು ಬಿಟ್ಟು, ಮೂಗಿಗೆ ಮಾಸ್ಕ್ ಕೊಡಿಸುವುದು ಮನೆಯೊಡೆಯರ ಕೈಯಲ್ಲೇ ಇದೆ.

ಇಷ್ಟಾದರೂ ಮಣ್ಣಿನ ಒಲೆ ಪೂರ್ತಿ ಹೋಗಿಲ್ಲ. ಗೃಹಪ್ರವೇಶದ ಹಾಲು ಗ್ರಾನೈಟ್ ಕಟ್ಟೆಯ ಮೇಲಿನ ಗ್ಯಾಸಿನಲ್ಲೇ ಉಕ್ಕುತ್ತದೆ. ಆದರೆ ಮದುವೆ, ಜಾತ್ರೆಗೆಂದು ನೂರಾರು ರೊಟ್ಟಿ ಬಡಿಯುವ ದಿನ ಹಿತ್ತಲಲ್ಲಿ ಒಲೆ ಹೊತ್ತುತ್ತದೆ. ನೆರೆಹೊರೆಯ ಹೆಂಗಸರು ಪರಾತ ಹಿಡಿದು ಬಂದು, ಸೆರಗು ಸಿಕ್ಕಿಸಿ, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ನೆಲಕ್ಕೆ ಕೂರುತ್ತಾರೆ.