ಮುರಿದ ಮಾತು, ಹರಿದ ನದಿ: ಅಪ್ಪಚ್ಚಕವಿಯ ಕಾವೇರಿ ವಸ್ತು ಮತ್ತು ಯುರೋಪಿನ ಒಪೆರಾ ಕಥನಗಳು

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ರಂಗಭೂಮಿ ಮತ್ತು ಸಂಗೀತಗಳೆರಡೂ ಪರಿಪೂರ್ಣವಾಗಿ ಬೆರೆತ ರೂಪವೆಂದರೆ ಒಪೆರಾ. ಅದರ ಗೀತಪಠ್ಯಕ್ಕೆ ಇಟಲಿಯ ಭಾಷೆಯಲ್ಲಿ ‘ಲಿಬ್ರೆಟೊ’ ಎಂದು ಹೆಸರು; ಚಿಕ್ಕ ಪುಸ್ತಕ ಎಂಬುದು ಅದರ ಅರ್ಥ. ಪ್ರೇಕ್ಷಕರಿಗೆ ಬಹುಮಟ್ಟಿಗೆ ಪರಿಚಿತವಾದ ಕಥೆಯನ್ನು ಆಯ್ದುಕೊಳ್ಳುವುದು, ಅದನ್ನು ಕೆಲವೇ ಸನ್ನಿವೇಶಗಳಿಗೆ ಸಂಗ್ರಹಿಸುವುದು, ಮಾತನ್ನು ರಾಗಕ್ಕೆ ಒಗ್ಗಿಸುವುದು ಇದರ ಸಾಮಾನ್ಯ ಲಕ್ಷಣಗಳು. ಕನ್ನಡ ನಾಡಿಗೆ ಈ ಬಗೆಯ ರಚನೆ ಅಪರಿಚಿತವಲ್ಲ. ಯಕ್ಷಗಾನದ ಪ್ರಸಂಗವೂ ಹಾಡಿಗಾಗಿ ಬರೆದ ಕಥಾಪಠ್ಯವೇ ಆಗಿದ್ದು, ಅರ್ಥಗಾರಿಕೆಯನ್ನು ಕಲಾವಿದನ ಪ್ರತಿಭೆಗೆ ಬಿಟ್ಟುಕೊಡುತ್ತದೆ. ಕೊಡಗಿನ ಹರದಾಸ ಅಪ್ಪಚ್ಚಕವಿಯ ನಾಟಕಗಳನ್ನೂ ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಯುಕ್ತ. ಇದು ಪ್ರಭಾವದ ವಿಚಾರವಲ್ಲ, ಎರಡು ಸಮಾನಾಂತರ ಪರಂಪರೆಗಳ ತೌಲನಿಕ ವಿಚಾರ.

ಅಪ್ಪಚ್ಚಕವಿಯ ರಂಗಕಾಲ

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. 1884ರಲ್ಲಿ ಗುಬ್ಬಿ ಕಂಪನಿ ಸ್ಥಾಪನೆಯಾಯಿತು. ಪೌರಾಣಿಕ ಕಥೆಯನ್ನು ಹಾಡು ಮತ್ತು ಸಂಭಾಷಣೆಗಳ ಮೂಲಕ ನಿರೂಪಿಸುವ ಕ್ರಮ ಹೀಗೆ ದಕ್ಷಿಣದಲ್ಲೆಲ್ಲ ಹಬ್ಬಿದ ಕಾಲದಲ್ಲಿ ಬೆಳೆದವನು ಅಪ್ಪನೆರವಂಡ ಅಪ್ಪಚ್ಚಕವಿ (1868–1944). ಕೊಡಗಿನ ಕಿರುಂದಾಡು ಗ್ರಾಮದವನಾದ ಈತ 1906ರಲ್ಲಿ ಯಯಾತಿಯ ಕಥೆಯನ್ನೂ ಆ ಬಳಿಕ ಸಾವಿತ್ರಿ ಮತ್ತು ಸುಬ್ರಹ್ಮಣ್ಯರ ಕಥೆಗಳನ್ನೂ 1918ರಲ್ಲಿ ಕಾವೇರಿಯ ಕಥೆಯನ್ನೂ ಕೊಡವ ತಕ್ಕ್‌ನಲ್ಲಿ ನಾಟಕವಾಗಿಸಿದನು.

1834ರಿಂದ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿದ್ದ ಕೊಡಗಿನಲ್ಲಿ ಶಾಲೆ ಮತ್ತು ಕಚೇರಿಗಳಲ್ಲಿ ನಡೆದದ್ದು ಕನ್ನಡ ಮತ್ತು ಇಂಗ್ಲಿಷ್. ಕೊಡವ ತಕ್ಕ್‌ಗೆ ಉಳಿದಿದ್ದದ್ದು ಮನೆ, ಮಂದ್ ಮತ್ತು ಮದುವೆಯ ಚಪ್ಪರ. ದುಡಿಯನ್ನು ನುಡಿಸುತ್ತ ನಾಲ್ವರು ಹಾಡುವ ಪಾಟ್‌ಗಳೇ ಅದರ ಸಾಹಿತ್ಯವಾಗಿದ್ದವು. ಅವುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ ‘ಪಟ್ಟೋಲೆ ಪಳಮೆ’ ಬೆಳಕು ಕಂಡದ್ದು 1924ರಲ್ಲಿ. ಅದಕ್ಕೂ ಮುನ್ನ ಕೊಡವ ಭಾಷೆಗೆ ರಂಗದ ಗೌರವವನ್ನು ತಂದುಕೊಟ್ಟವನು ಅಪ್ಪಚ್ಚಕವಿ.

ಜಲಕನ್ಯೆಯ ಒಪೆರಾಗಳು

ಯುರೋಪಿನ ಒಪೆರಾಗಳಲ್ಲಿ ಮತ್ತೆ ಮತ್ತೆ ಮರುಕಳಿಸುವ ಒಂದು ವಸ್ತು ಜಲಕನ್ಯೆಯದು. ಫುಕೆಯು 1811ರಲ್ಲಿ ಪ್ರಕಟಿಸಿದ ‘ಉಂಡೀನೆ’ ಎಂಬ ಕಥೆಯನ್ನು ತಾನೇ ಗೀತಪಠ್ಯವಾಗಿಸಿದನು. ಹಾಫ್‌ಮನ್‌ನ ಸಂಗೀತದೊಂದಿಗೆ ಅದು 1816ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನಗೊಂಡಿತು. ಬೆಸ್ತರ ಮನೆಯಲ್ಲಿ ಬೆಳೆದ ಜಲಕನ್ಯೆಗೆ ವೀರನೊಬ್ಬನನ್ನು ಮದುವೆಯಾದುದರಿಂದ ಮನುಷ್ಯಾತ್ಮ ಲಭಿಸುತ್ತದೆ. ನೀರಿನ ಬಳಿ ಪತಿ ತನ್ನನ್ನು ಗದರಿಸಬಾರದೆಂಬುದು ಕಥೆಯ ನಿಬಂಧನೆ. ಆತ ಅದನ್ನು ಮೀರುತ್ತಾನೆ. ಆಕೆ ನೀರಿಗೆ ಮರಳುತ್ತಾಳೆ. ಆತ ಬೇರೊಬ್ಬಳನ್ನು ವರಿಸಿದಾಗ ಬಂದು ಅವನ ಸಾವಿಗೆ ಕಾರಣಳಾಗುತ್ತಾಳೆ. 1845ರಲ್ಲಿ ಲೋರ್ಟ್ಸಿಂಗ್ ಇದೇ ಕಥೆಗೆ ತಾನೇ ಪಠ್ಯವನ್ನೂ ಸಂಗೀತವನ್ನೂ ರಚಿಸಿ, ವೀರನನ್ನು ಕೊಲ್ಲದೆ ಜಲಲೋಕಕ್ಕೆ ಕಳುಹಿಸಿದನು. ಕ್ವಾಪಿಲ್ ಪಠ್ಯ ರಚಿಸಿ ದ್ವೊರ್ಜಾಕ್ ಸಂಗೀತವಿತ್ತ ‘ರುಸಾಲ್ಕ’ 1901ರಲ್ಲಿ ಪ್ರಾಗ್‌ನಲ್ಲಿ ರಂಗಕ್ಕೆ ಬಂದಿತು. ಅದರ ನಾಯಕಿ ಮನುಷ್ಯರೂಪಕ್ಕಾಗಿ ತನ್ನ ಧ್ವನಿಯನ್ನೇ ತೆರುತ್ತಾಳೆ. ಹಾಡೇ ಸರ್ವಸ್ವವಾದ ಪ್ರಕಾರದಲ್ಲಿ ನಾಯಕಿಯನ್ನು ಮೂಕಳನ್ನಾಗಿಸಿದ ಆ ಗೀತಪಠ್ಯದ ಧೈರ್ಯ ಗಮನಾರ್ಹ.

ಕಾವೇರಿಯ ನಿಬಂಧನೆ

ಕೊಡಗಿನ ಕಾವೇರಿ ಐತಿಹ್ಯದಲ್ಲಿಯೂ ಇಂಥದೊಂದು ನಿಬಂಧನೆ ಇದೆ. ಬ್ರಹ್ಮನ ಮಗಳಾದ ಲೋಪಾಮುದ್ರೆ ಕವೇರಮುನಿಯ ಸಾಕುಮಗಳಾಗಿ ಬೆಳೆದು ಕಾವೇರಿ ಎನಿಸುತ್ತಾಳೆ. ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದೆಂಬ ಷರತ್ತಿನ ಮೇಲೆ ಅಗಸ್ತ್ಯನನ್ನು ವರಿಸುತ್ತಾಳೆ. ಒಂದು ದಿನ ಅಗಸ್ತ್ಯನು ಆಕೆಯನ್ನು ಕಮಂಡಲುವಿನಲ್ಲಿರಿಸಿ ಸ್ನಾನಕ್ಕೆ ತೆರಳುತ್ತಾನೆ. ಮಾತು ಮುರಿದುದರಿಂದ ಆಕೆ ನದಿಯಾಗಿ ಹರಿಯುತ್ತಾಳೆ. ಒಂದಂಶದಿಂದ ಋಷಿಪತ್ನಿಯಾಗಿ ಉಳಿದು ಇನ್ನೊಂದಂಶದಿಂದ ಲೋಕಪಾವನಿಯಾದಳೆಂಬ ನಂಬಿಕೆಯೂ ಉಂಟು. ಬಲಮುರಿಯಲ್ಲಿ ಆಕೆಯ ರಭಸಕ್ಕೆ ಕೊಡವ ಸ್ತ್ರೀಯರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದೂ ಹಿಂಬದಿಯ ನೆರಿಗೆಯ ಉಡುಗೆ ಅಂದಿನಿಂದ ಬಂದಿತೆಂದೂ ಜನ ಹೇಳುತ್ತಾರೆ.

ಎರಡು ಕಥನಗಳಲ್ಲಿಯೂ ನೀರಿಗೆ ಸೇರಿದ ಹೆಣ್ಣು, ದಾಂಪತ್ಯದ ನಿಬಂಧನೆ, ಪುರುಷನಿಂದ ಅದರ ಭಂಗ, ನೀರಿಗೆ ಮರಳುವಿಕೆ ಇವೆ. ಭೇದವಿರುವುದು ಫಲದಲ್ಲಿ. ಉಂಡೀನೆ ಮತ್ತು ರುಸಾಲ್ಕರ ಕಥೆಗಳಲ್ಲಿ ಮಾತಿನ ಭಂಗ ಇಬ್ಬರು ವ್ಯಕ್ತಿಗಳ ದುರಂತವಾಗಿ ಮುಗಿಯುತ್ತದೆ. ಲೋರ್ಟ್ಸಿಂಗ್‌ನ ಸುಖಾಂತವೂ ಆ ಇಬ್ಬರಿಗಷ್ಟೇ ಸೀಮಿತ. ಕಾವೇರಿಯ ಕಥೆಯಲ್ಲಾದರೋ ಅದು ಇಡೀ ನಾಡಿನ ಬದುಕಾಗಿ ಪರಿಣಮಿಸುತ್ತದೆ. ಅಗಸ್ತ್ಯನಿಗೆ ಶಿಕ್ಷೆಯಿಲ್ಲ, ಕಾವೇರಿಗೆ ಸೇಡಿಲ್ಲ. ಪ್ರತಿವರ್ಷ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವುದನ್ನು ಕಾಣಲು ನೆರೆಯುವ ಜನರಿಗೆ ಈ ಕಥೆಯ ಅಂತ್ಯ ಮೊದಲೇ ತಿಳಿದಿರುತ್ತದೆ. ಇಂಥ ಪ್ರೇಕ್ಷಕರ ಮುಂದೆ ಕುತೂಹಲದಿಂದ ನಾಟಕ ನಿಲ್ಲಲಾರದು. ತಿಳಿದ ಕಥೆಯನ್ನು ತಮ್ಮದೇ ನುಡಿಯ ಹಾಡಿನಲ್ಲಿ ಕೇಳುವ ಸಂತೋಷದಿಂದ ಮಾತ್ರ ನಿಲ್ಲಬಲ್ಲದು. ಮೂರು ಪುರಾಣಕಥೆಗಳ ಬಳಿಕ ಕವಿಯು ಕೊಡಗಿನದೇ ಆದ ಈ ವಸ್ತುವಿಗೆ ಬಂದುದರ ಮಹತ್ತ್ವ ಇಲ್ಲಿದೆ.

ಪಠ್ಯ ಮತ್ತು ಧಾಟಿ

1817ರಲ್ಲಿ ಬರ್ಲಿನ್ನಿನ ರಂಗಮಂದಿರ ಬೆಂಕಿಗೆ ಆಹುತಿಯಾದಾಗ ಹಾಫ್‌ಮನ್‌ನ ‘ಉಂಡೀನೆ’ ತನ್ನ ದೃಶ್ಯಪರಿಕರಗಳನ್ನು ಕಳೆದುಕೊಂಡಿತು. ಆದರೆ ಸ್ವರಲಿಪಿ ಉಳಿದಿದ್ದುದರಿಂದ ಆ ಕೃತಿಯನ್ನು ಮುಂದೆಯೂ ಹಾಡಲು ಸಾಧ್ಯವಾಯಿತು. ನಮ್ಮ ರಂಗಗೀತೆಗಳ ಸ್ಥಿತಿ ಬೇರೆ. ಮುದ್ರಿತ ಪುಸ್ತಕದಲ್ಲಿ ಸಾಹಿತ್ಯ ಉಳಿಯುತ್ತದೆ, ರಾಗ ತಾಳಗಳ ಹೆಸರೂ ಉಳಿಯಬಹುದು; ಆದರೆ ಧಾಟಿ ಉಳಿಯುವುದು ಹಾಡುವವರ ಕಂಠದಲ್ಲಿ. 2001ರ ಜನಗಣತಿಯಲ್ಲಿ 1,66,187 ಇದ್ದ ಕೊಡವ ಭಾಷಿಕರ ಸಂಖ್ಯೆ 2011ರಲ್ಲಿ 1,13,857ಕ್ಕೆ ಇಳಿದಿದೆ. ಹಾಡುವ ಕಂಠಗಳೂ ಅದರೊಡನೆ ಕಡಿಮೆಯಾಗುವುದು ಸಹಜ.

1994ರಲ್ಲಿ ಸ್ಥಾಪಿತವಾದ ಕೊಡವ ಸಾಹಿತ್ಯ ಅಕಾಡೆಮಿಯಂತಹ ಸಂಸ್ಥೆಗಳ ಮುಂದೆ ಈ ಕಾರಣದಿಂದಲೇ ಒಂದು ನಿರ್ದಿಷ್ಟ ಕೆಲಸವಿದೆ. ಅಪ್ಪಚ್ಚಕವಿಯ ನಾಟಕಗಳನ್ನು ಓದುವ ಕಾವ್ಯವೆಂದಷ್ಟೇ ಪರಿಗಣಿಸದೆ, ಹಿರಿಯರು ಬಲ್ಲ ಧಾಟಿಗಳನ್ನು ಧ್ವನಿಮುದ್ರಿಸಿ, ಸ್ವರಲಿಪಿಗೆ ಇಳಿಸಿ, ಪಠ್ಯದೊಡನೆ ಪ್ರಕಟಿಸಬೇಕು. ಹಾಡಿಗಾಗಿ ಬರೆದ ಮಾತಿನ ಬೆಲೆಯನ್ನು ಕಟ್ಟುವುದು ಆ ಹಾಡು ಕಿವಿಗೆ ಬಿದ್ದ ಮೇಲೆಯೇ ಸಾಧ್ಯ.