ಪ್ರಶಸ್ತಿ ಬಂದದ್ದು ಯಾವ ಪುಸ್ತಕಕ್ಕೆ?

ಮೇಲುಕೋಟೆಯ ಕವಿ ಪು.ತಿ. ನರಸಿಂಹಾಚಾರ್ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯಾವ ಕೃತಿಗೆ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ತಟ್ಟನೆ ಉತ್ತರಿಸುತ್ತಾರೆ: 'ಹಂಸ ದಮಯಂತಿ ಮತ್ತು ಇತರ ರೂಪಕಗಳು', 1966. ಉತ್ತರ ಸರಿಯಾಗಿಯೇ ಇದೆ. ಆದರೆ ಅದು ಸರಿ ಎಂದು ಹೇಳುವವರು ಯಾರು?

ಸಾಮಾನ್ಯ ಜ್ಞಾನದ ಕೈಪಿಡಿ, ಪಠ್ಯಪುಸ್ತಕದ ಕವಿ ಪರಿಚಯ, ಪುಸ್ತಕದ ಬೆನ್ನುಡಿ, ಅಭಿನಂದನ ಗ್ರಂಥ, ಪತ್ರಿಕೆಯ ಹಳೆಯ ವರದಿ, ಪ್ರಶಸ್ತಿ ಕೊಟ್ಟ ಸಂಸ್ಥೆಯ ಪಟ್ಟಿ- ಇವೆಲ್ಲ ಆಕರಗಳೇ. ಆದರೆ ಎಲ್ಲಕ್ಕೂ ಒಂದೇ ತೂಕವಿಲ್ಲ. ಹತ್ತು ಕೈಪಿಡಿಗಳು ಒಂದೇ ಮಾತು ಹೇಳಿದರೂ, ಹತ್ತೂ ಒಂದೇ ಕಡೆಯಿಂದ ನಕಲಾಗಿದ್ದರೆ ಅದು ಒಬ್ಬನೇ ಸಾಕ್ಷಿಯ ಹೇಳಿಕೆ. ಬೆನ್ನುಡಿಯ ಕೆಲಸ ಪುಸ್ತಕ ಮಾರುವುದು, ಅಭಿನಂದನ ಗ್ರಂಥದ ಕೆಲಸ ಹೊಗಳುವುದು. ಅವು ಸುಳ್ಳೆಂದಲ್ಲ; ವರ್ಷ, ಕೃತಿಯ ಹೆಸರುಗಳಿಗೆ ಅವನ್ನಷ್ಟೇ ನಂಬಬಾರದು.

ಪ್ರಶಸ್ತಿ ಕೊಟ್ಟ ಸಂಸ್ಥೆಯ ಪಟ್ಟಿಗೆ ಇನ್ನೊಂದು ಗುಣವಿದೆ. ಅದು ಖಾಲಿ ಜಾಗವನ್ನೂ ತೋರಿಸುತ್ತದೆ. 1957 ಮತ್ತು 1963ರಲ್ಲಿ ಕನ್ನಡಕ್ಕೆ ಅಕಾಡೆಮಿ ಪ್ರಶಸ್ತಿ ಇರಲಿಲ್ಲ. ಆ ವರ್ಷಗಳ ಎದುರು ಯಾವುದಾದರೂ ಪುಸ್ತಕ ಒಬ್ಬ ಲೇಖಕನ ಹೆಸರು ಬರೆದಿದ್ದರೆ, ಅದರ ಉಳಿದ ವಿವರಗಳನ್ನೂ ಅನುಮಾನದಿಂದಲೇ ನೋಡಬೇಕು.

ನಿಯಮಗಳು ಬದಲಾಗುವುದು ಮತ್ತೊಂದು ತೊಡಕು. ಜ್ಞಾನಪೀಠ ಪ್ರಶಸ್ತಿಯನ್ನು ಮೊದಲು ಒಂದು ನಿರ್ದಿಷ್ಟ ಕೃತಿಗೆ ಕೊಡುತ್ತಿದ್ದರು; 1980ರ ದಶಕದಿಂದ ಲೇಖಕರ ಒಟ್ಟು ಸಾಧನೆಯನ್ನು ಪರಿಗಣಿಸತೊಡಗಿದರು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' 1955ರ ಅಕಾಡೆಮಿ ಪ್ರಶಸ್ತಿಯನ್ನೂ 1967ರ ಜ್ಞಾನಪೀಠವನ್ನೂ ಪಡೆಯಿತು. ಹಳೆಯ ನಿಯಮ ಗೊತ್ತಿದ್ದರೆ ಇದರಲ್ಲಿ ಗೊಂದಲವಿಲ್ಲ. ಅದೇ ನಿಯಮವನ್ನು ಈಚಿನವರಿಗೂ ಅನ್ವಯಿಸಿ, ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಪುಸ್ತಕ ಜೋಡಿಸಿದರೆ ತಪ್ಪಾಗುತ್ತದೆ.

ಇದು ಕನ್ನಡದ ಕಷ್ಟ ಮಾತ್ರವಲ್ಲ. ಜರ್ಮನ್ ಭಾಷೆಯ ಹೆಸರಾಂತ ಗೇಯೋರ್ಗ್ ಬ್ಯುಷ್ನರ್ ಪ್ರಶಸ್ತಿ 1923ರಲ್ಲಿ ಆರಂಭವಾದಾಗ ಹೆಸ್ಸೆನ್ ಪ್ರಾಂತ್ಯದ ಕಲಾವಿದರಿಗೆ ಮೀಸಲಾಗಿತ್ತು. ಅದು ಸಾಹಿತ್ಯ ಪ್ರಶಸ್ತಿಯಾದದ್ದು 1951ರಲ್ಲಿ. ಹೆಸರು ಒಂದೇ, ಗೌರವ ಬೇರೆ. 1983ರಲ್ಲಿ ಸ್ಥಾಪನೆಯಾದ ಪೀಟರ್ ಹೂಕೆಲ್ ಕಾವ್ಯ ಪ್ರಶಸ್ತಿಯಾದರೋ ಹಿಂದಿನ ವರ್ಷ ಪ್ರಕಟವಾದ ಕವನ ಸಂಕಲನಕ್ಕೆ ಸಲ್ಲುತ್ತದೆ. ಪ್ರಶಸ್ತಿಯ ವರ್ಷವನ್ನೇ ಪುಸ್ತಕದ ವರ್ಷವೆಂದು ಬರೆದುಕೊಂಡರೆ ಲೆಕ್ಕ ತಪ್ಪುವುದು ಖಚಿತ.

ಇಷ್ಟು ಚೌಕಾಶಿ ಯಾಕೆ ಎಂದು ಓದುಗರು ಕೇಳಬಹುದು. ಪು.ತಿ.ನ. ಅವರ ವಿಷಯದಲ್ಲೇ ಇದಕ್ಕೆ ಉತ್ತರವಿದೆ. 1933ರ 'ಹಣತೆ'ಯಿಂದ ಮೊದಲ್ಗೊಂಡು ಅವರನ್ನು ಭಾವಗೀತೆಯ ಕವಿಯೆಂದೇ ಹೆಚ್ಚಾಗಿ ನೆನೆಯುತ್ತೇವೆ. ಆದರೆ ಅಕಾಡೆಮಿ ಪುರಸ್ಕರಿಸಿದ್ದು ಅವರ ರೂಪಕಗಳನ್ನು. ಅಂದರೆ 'ಅಹಲ್ಯೆ', 'ಗೋಕುಲ ನಿರ್ಗಮನ'ಗಳನ್ನು ಬರೆದ ಗೀತನಾಟಕಕಾರನನ್ನು. 1991ರ ಪಂಪ ಪ್ರಶಸ್ತಿ 'ಶ್ರೀ ಹರಿಚರಿತೆ' ಎಂಬ ಮಹಾಕಾವ್ಯಕ್ಕೆ ಸಂದಿತು. ಯಾರೋ ಅವಸರದಲ್ಲಿ 'ಕಾವ್ಯಕ್ಕಾಗಿ ಅಕಾಡೆಮಿ ಪ್ರಶಸ್ತಿ' ಎಂದು ಬರೆದರೆ, ಒಂದು ಪದದಿಂದ ಆ ನಾಟಕಕಾರ ಮರೆಯಾಗುತ್ತಾನೆ. ಆ ಸಾಲನ್ನು ನಂಬಿ ಗ್ರಂಥಾಲಯಕ್ಕೆ ಹೋದ ವಿದ್ಯಾರ್ಥಿ ರೂಪಕಗಳ ಕಪಾಟಿನತ್ತ ತಿರುಗಿಯೂ ನೋಡುವುದಿಲ್ಲ.

ಹಾಗಾಗಿ ಯಾವ ಪ್ರಶಸ್ತಿಯ ವಿವರ ಕಂಡರೂ ಮೂರು ಪ್ರಶ್ನೆ ಕೇಳಬೇಕು. ಕೊಟ್ಟವರು ಯಾರು? ಆಗಿನ ನಿಯಮದಂತೆ ಕೊಟ್ಟದ್ದು ಕೃತಿಗೋ, ವ್ಯಕ್ತಿಗೋ? ಹೇಳಿರುವ ವರ್ಷ ಪುಸ್ತಕದ್ದೋ, ಪ್ರಶಸ್ತಿಯದ್ದೋ, ಸಮಾರಂಭದ್ದೋ? ಮೂರಕ್ಕೂ ಉತ್ತರ ಸಿಕ್ಕರೆ ಆ ಆಕರ ನಂಬಿಕೆಗೆ ಅರ್ಹ.

ಯದುಗಿರಿಯ ಕಥೆ ಹೇಳುವ ಸ್ಥಳಪುರಾಣವೂ ಮೇಲುಕೋಟೆಯಲ್ಲಿದೆ, ಕಲ್ಲಿನ ಮೇಲಿನ ಶಾಸನಗಳೂ ಇವೆ. ಭಕ್ತರ ಮನಸ್ಸನ್ನು ತಿಳಿಯಲು ಪುರಾಣ ಬೇಕು. ತೇದಿ, ದಾನ, ದಾನಿಯ ಹೆಸರು ತಿಳಿಯಲು ಶಾಸನವನ್ನೇ ಓದಬೇಕು. ಕವಿಯ ಬದುಕನ್ನು ಓದುವಾಗಲೂ ಈ ವಿವೇಕ ಸಲ್ಲುತ್ತದೆ.