ಬೇಟೆಯ ಕಾಲಕ್ಕೆ ಬಂದ ಹಡಗು

ಮೂವತ್ತೆರಡು ವರ್ಷ ಸಮಾಜ ವಿಜ್ಞಾನವನ್ನು ಬೋಧಿಸಿದ ನನಗೆ ಅತ್ಯಂತ ಪ್ರಿಯವಾಗಿದ್ದ ಪಾಠಗಳಲ್ಲಿ ಶೀತವಲಯದ ಜನಜೀವನವೂ ಒಂದು. ಕಾದ ಹೆಂಚಿನ ಸೂರಿನಡಿ ಕುಳಿತ, ಐಸ್‌ಕ್ಯಾಂಡಿ ಮಾರುವವನ ಡಬ್ಬದಲ್ಲಲ್ಲದೆ ಬೇರೆಲ್ಲಿಯೂ ಮಂಜುಗಡ್ಡೆಯನ್ನು ಕಾಣದ ಮಕ್ಕಳಿಗೆ ಇಗ್ಲೂ, ನಾಯಿಗಳೆಳೆಯುವ ಸ್ಲೆಡ್ಜ್, ತೊಗಲಿನ ದೋಣಿ ಕಯಾಕ್ ಇವನ್ನೆಲ್ಲ ಸೀಮೆಸುಣ್ಣದಲ್ಲಿ ಬರೆದು ತೋರಿಸುವುದೇ ಒಂದು ಸಂಭ್ರಮ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಬೇಟೆ ಸಿಗದಿದ್ದರೆ ಏನು ತಿನ್ನುತ್ತಾರೆ ಸಾರ್?" ಎಂದು ಕೇಳಿದ. ಒಣಗಿಸಿಟ್ಟ ಮಾಂಸವಿರುತ್ತದೆ ಎಂದೆ. ಅವನು ಕೂರಲಿಲ್ಲ. "ಬೇಟೆಗೆ ಹೋಗುವವರಿಗೇ ಕಾಯಿಲೆ ಬಂದರೆ?" ಎಂದ. ಗಂಟೆ ಹೊಡೆಯಿತು, ನಾನು ಪಾರಾದೆ. ಪಠ್ಯಪುಸ್ತಕದಲ್ಲಿ ಇಲ್ಲದ ಪ್ರಶ್ನೆಗೆ ಮಾಸ್ತರರಲ್ಲಿ ಉತ್ತರವಿರುವುದು ಅಪರೂಪ.

2020ರಲ್ಲಿ ಕೋವಿಡ್ ನಮ್ಮನ್ನೆಲ್ಲ ಮನೆಯೊಳಗೆ ಕೂರಿಸಿದಾಗ ಹಳೆಯ ಸಾಂಕ್ರಾಮಿಕಗಳ ಇತಿಹಾಸವನ್ನು ಓದತೊಡಗಿದೆ. ಆಗ ಆ ಹುಡುಗನ ಪ್ರಶ್ನೆಗೆ ಉತ್ತರ ದೊರೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನೀಗ ಎಲ್ಲಿದ್ದಾನೋ ತಿಳಿಯದು.

ಉತ್ತರ ಅಮೆರಿಕದ ಈಶಾನ್ಯ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿ ಲ್ಯಾಬ್ರಡಾರ್ ಎಂಬ ಕಲ್ಲುಗಾಡು ಪ್ರದೇಶವಿದೆ. ಇಂದು ಅದು ಕೆನಡಾದ ಭಾಗ. 1949ರವರೆಗೆ ಕೆನಡಾಕ್ಕೆ ಸೇರದೆ ನ್ಯೂಫೌಂಡ್‌ಲ್ಯಾಂಡ್‌ನ ಆಡಳಿತದಲ್ಲಿತ್ತು. ಅದರ ಉತ್ತರ ಕರಾವಳಿಯ ಮೂಲನಿವಾಸಿಗಳು ಇನ್ಯುಯಿಟ್ ಜನ. ನಮ್ಮ ಪಠ್ಯಪುಸ್ತಕಗಳು ಎಸ್ಕಿಮೋ ಎಂದು ಕರೆದದ್ದು ಇವರ ಕುಲವನ್ನೇ. ಆ ಹೆಸರನ್ನು ಅವರು ಇಷ್ಟಪಡುವುದಿಲ್ಲವೆಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿ ಮೂಲದ ಮೊರೇವಿಯನ್ ಕ್ರೈಸ್ತ ಮಿಷನ್ನಿನವರು ಈ ಕರಾವಳಿಯುದ್ದಕ್ಕೂ ನೆಲೆಗಳನ್ನು ಸ್ಥಾಪಿಸಿದರು: 1771ರಲ್ಲಿ ನೇಯ್ನ್, 1776ರಲ್ಲಿ ಓಕಾಕ್, 1782ರಲ್ಲಿ ಹೋಪ್‌ಡೇಲ್. ಹೆಬ್ರಾನ್ ಎಂಬ ಉತ್ತರದ ನೆಲೆ ಬಂದದ್ದು 1830ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಓಕಾಕ್ ಆ ಕರಾವಳಿಯ ಅತಿ ದೊಡ್ಡ ಇನ್ಯುಯಿಟ್ ಊರಾಗಿತ್ತು. ದೊಡ್ಡದೆಂದರೆ ಸುಮಾರು 260 ಜನ. ನಮ್ಮಲ್ಲಾದರೆ ಒಂದು ಸಣ್ಣ ಹಟ್ಟಿ.

ಈ ಊರುಗಳಿಗೂ ಹೊರಜಗತ್ತಿಗೂ ನಡುವೆ ಇದ್ದ ಮುಖ್ಯ ಕೊಂಡಿ ಒಂದು ಹಡಗು. ಮಿಷನ್ನಿನ ಆ ಹಡಗಿಗೆ ಹಾರ್ಮನಿ ಎಂದು ಹೆಸರು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅದು ಹಿಟ್ಟು, ಚಹಾ, ಮದ್ದುಗುಂಡು, ಬಟ್ಟೆ, ಕಾಗದಪತ್ರಗಳನ್ನು ಹೊತ್ತು ತರುತ್ತಿತ್ತು; ನರಿಯ ತುಪ್ಪುಳುಚರ್ಮ, ಒಣಮೀನು, ಸೀಲ್ ಎಣ್ಣೆಗಳನ್ನು ತುಂಬಿಕೊಂಡು ಮರಳುತ್ತಿತ್ತು. ಹಡಗು ಬಂದ ದಿನ ಊರಿಗೆ ಊರೇ ದಡದಲ್ಲಿ ಸೇರುತ್ತಿತ್ತೆಂದರೆ ಅದು ನಮ್ಮ ಜಾತ್ರೆಯ ತೇರಿನ ದಿನಕ್ಕೆ ಸಮ. ಸರಕು ಇಳಿಸುವ, ಏರಿಸುವ ಕೆಲಸವೆಲ್ಲ ಊರವರದೇ.

ಇನ್ನು ಬೇಟೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಉತ್ತರದ ಹಾರ್ಪ್ ಸೀಲ್‌ಗಳು ಚಳಿಗಾಲ ಸಮೀಪಿಸುತ್ತಿದ್ದಂತೆ ಹಿಂಡುಹಿಂಡಾಗಿ ಲ್ಯಾಬ್ರಡಾರ್ ಕರಾವಳಿಯ ಗುಂಟ ದಕ್ಷಿಣಕ್ಕೆ ಸಾಗುತ್ತವೆ. ನವೆಂಬರ್, ಡಿಸೆಂಬರ್‌ಗಳ ಆ ಕೆಲವು ವಾರಗಳೇ ಅಲ್ಲಿಯವರ ಸುಗ್ಗಿ. ಆಗ ಓಕಾಕಿನ ಕುಟುಂಬಗಳು ಊರು ಬಿಟ್ಟು ದೂರದ ಕೊಲ್ಲಿ, ದ್ವೀಪಗಳ ಬೇಟೆಬಿಡಾರಗಳಿಗೆ ಚದುರಿ ಹೋಗುತ್ತಿದ್ದವು. ಗಂಡಸರು ಕಯಾಕಿನಲ್ಲಿ ಕುಳಿತು, ಇಲ್ಲವೇ ಬಲೆಯೊಡ್ಡಿ ಸೀಲ್ ಹಿಡಿಯುವರು; ಹೆಂಗಸರು ಅದನ್ನು ಸೀಳಿ, ಚರ್ಮ ಹದಮಾಡಿ, ಕೊಬ್ಬು ಕಾಯಿಸುವರು. ಮಾಂಸ ಮನೆಯವರಿಗೆ ಆಹಾರ, ನಾಯಿಗಳಿಗೂ ಆಹಾರ. ಕೊಬ್ಬು ದೀಪಕ್ಕೆ. ಚರ್ಮ ಪಾದರಕ್ಷೆಗೆ, ಮುಂದಿನ ವರ್ಷದ ಕಯಾಕಿಗೆ. ನಾಯಿಗಳು ಬದುಕಿದ್ದರೆ ತಾನೆ ಸ್ಲೆಡ್ಜ್ ಓಡುವುದು? ಸ್ಲೆಡ್ಜ್ ಓಡಿದರೆ ತಾನೆ ಒಳನಾಡಿನ ಕಾರಿಬೂ ಜಿಂಕೆಯ ಬೇಟೆ, ನರಿಗಳಿಗೆ ಬೋನು? ನರಿಯ ಚರ್ಮ ಸಿಕ್ಕರೆ ತಾನೆ ಮಿಷನ್ನಿನ ಅಂಗಡಿಯ ಸಾಲ ತೀರುವುದು? ಸೀಲ್ ತಪ್ಪಿದರೆ ಈ ಸರಪಳಿಯ ಒಂದೊಂದು ಕೊಂಡಿಯೂ ಕಳಚುತ್ತಾ ಹೋಗುತ್ತದೆ.

1918ರ ಇನ್‌ಫ್ಲುಯೆಂಜಾದ ಕಥೆಯನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಆ ವರ್ಷ ದೇಶದ ಬಹುಭಾಗದಲ್ಲಿ ಮುಂಗಾರು ಕೈಕೊಟ್ಟಿತ್ತು. ಅಷ್ಟಿಷ್ಟು ಬೆಳೆದ ರಾಗಿಯನ್ನು ಕೊಯ್ಯಲು ಮನೆಯಲ್ಲಿ ಎದ್ದು ನಿಲ್ಲುವವರಿರಲಿಲ್ಲವಂತೆ. ಹತ್ತು ದಿನ ತಡವಾಗಿ, ಕಾಳು ಉದುರಿದ ಮೇಲೆ, ಉಳಿದಷ್ಟನ್ನು ಕೊಯ್ದರಂತೆ. ಹೊಲದ ತೆನೆ ಅಷ್ಟಾದರೂ ಕಾಯುತ್ತದೆ. ಸಾಗಿಹೋಗುವ ಸೀಲ್ ಹಿಂಡು ಕಾಯುವುದಿಲ್ಲ.

ಅದೇ 1918ರಲ್ಲಿ, ಮಹಾಯುದ್ಧದ ಕಾರಣದಿಂದ ಹಾರ್ಮನಿಯ ಪ್ರಯಾಣ ಏರುಪೇರಾಯಿತು. ಬೇಸಿಗೆಯಲ್ಲಿ ಬರಬೇಕಾದ ಹಡಗು ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್ ಬಂದರಿನಿಂದ ಹೊರಟು ಹೆಬ್ರಾನ್ ಮುಟ್ಟಿದಾಗ ಅಕ್ಟೋಬರ್ ಕೊನೆಯ ವಾರ. ಸೇಂಟ್ ಜಾನ್ಸ್‌ನಲ್ಲಿ ಆಗಲೇ ಜ್ವರ ಹರಡಿತ್ತು. ಹಡಗಿನ ನಾವಿಕರಲ್ಲಿಯೂ ಕಾಯಿಲೆಯಿತ್ತು. ವಾಡಿಕೆಯಂತೆ ಬೇಸಿಗೆಯಲ್ಲಿಯೇ ಬಂದಿದ್ದರೆ ಅಂದಿನ ಆ ಭೀಕರ ಎರಡನೆಯ ಅಲೆ ಇನ್ನೂ ಆ ಬಂದರಿಗೆ ಮುಟ್ಟಿರುತ್ತಿರಲಿಲ್ಲ. ನವೆಂಬರ್ ಮೊದಲ ವಾರ ಹಡಗು ಓಕಾಕಿಗೆ ಬಂತು. ಎಂದಿನಂತೆ ಜನ ಹತ್ತಿದರು, ಇಳಿದರು, ಮೂಟೆ ಹೊತ್ತರು. ಹಡಗು ಹೊರಟ ಕೂಡಲೇ ಸೀಲ್ ಬೇಟೆಗೆ ತಡವಾಯಿತೆಂದು ಹಲವು ಕುಟುಂಬಗಳು ದೋಣಿ ಕಟ್ಟಿಕೊಂಡು ಬಿಡಾರಗಳಿಗೆ ಹೊರಟವು. ರೋಗವೂ ಅವರ ಜೊತೆ ಹೊರಟಿತು.

ಊರಿನಲ್ಲಿ ಒಟ್ಟಿಗಿದ್ದಾಗ ಕಾಯಿಲೆ ಬಂದರೆ ನೆರೆಮನೆಯವರು ಒಂದು ಲೋಟ ನೀರು ಕೊಟ್ಟಾರು. ಬೇಟೆಬಿಡಾರದಲ್ಲಿ ಇರುವವರೇ ಒಂದೆರಡು ಕುಟುಂಬ. ಎಲ್ಲರೂ ಒಂದೇ ದಿನ ಮಲಗಿದರು. ಒಲೆ ಹಚ್ಚುವವರಿಲ್ಲ, ಹಿಮ ಕರಗಿಸಿ ನೀರು ಕೊಡುವವರಿಲ್ಲ. ಲ್ಯಾಬ್ರಡಾರಿನಂಥ ಕಡೆಗಳಲ್ಲಿ ಇನ್‌ಫ್ಲುಯೆಂಜಾ ಅಷ್ಟೊಂದು ಜನರನ್ನು ಬಲಿತೆಗೆದುಕೊಂಡದ್ದಕ್ಕೆ ರೋಗನಿರೋಧಕ ಶಕ್ತಿಯ ಕೊರತೆಯೊಂದನ್ನೇ ಕಾರಣವಾಗಿ ಹೇಳುವುದುಂಟು. ನನಗೆ ಆ ವಿವರಣೆ ಅರ್ಧ ಸತ್ಯವೆನಿಸುತ್ತದೆ. ಜ್ವರದಿಂದ ಏಳಬಹುದಾಗಿದ್ದವರೂ ಚಳಿಗೆ, ಬಾಯಾರಿಕೆಗೆ, ಹಸಿವಿಗೆ ಸತ್ತರು. ಸರಿಯಾಗಿ ಅದೇ ದಿನಗಳಲ್ಲಿ, ನವೆಂಬರ್ 11ರಂದು, ಮಹಾಯುದ್ಧ ಮುಗಿಯಿತೆಂದು ಯೂರೋಪಿನ ನಗರಗಳಲ್ಲಿ ಗಂಟೆಗಳು ಮೊಳಗುತ್ತಿದ್ದವು.

ಓಕಾಕಿನ ಸುಮಾರು 260 ಜನರಲ್ಲಿ 200ಕ್ಕೂ ಹೆಚ್ಚು ಮಂದಿ ಮಡಿದರು. ಹೆಬ್ರಾನ್ ಮತ್ತು ಅದರ ಸುತ್ತಲಿನ ಸುಮಾರು 220 ಜನರಲ್ಲಿ 150ರಷ್ಟು ಮಂದಿ ಹೋದರು. ಲ್ಯಾಬ್ರಡಾರಿನ ಇನ್ಯುಯಿಟ್ ಜನಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗ ಒಂದೇ ಚಳಿಗಾಲದಲ್ಲಿ ಇಲ್ಲವಾಯಿತು. ಆಹಾರವಿಲ್ಲದ ಸ್ಲೆಡ್ಜ್ ನಾಯಿಗಳು ಮನೆಯೊಳಗೆ ನುಗ್ಗಿ ಹೆಣಗಳನ್ನು ತಿಂದವು. ಬದುಕಿದ್ದವರ ಮೇಲೂ ಎರಗಿದವು. ಒಬ್ಬ ಎಂಟು ವರ್ಷದ ಬಾಲಕಿ, ಮನೆಯವರೆಲ್ಲ ಸತ್ತ ಮೇಲೆ, ಆ ಹೆಣಗಳ ಮತ್ತು ನಾಯಿಗಳ ನಡುವೆ ವಾರಗಟ್ಟಲೆ ಒಂಟಿಯಾಗಿ ಬದುಕಿದ್ದಳು. ಕ್ರಿಸ್‌ಮಸ್‌ಗೆಂದು ಇಟ್ಟಿದ್ದ ಮೇಣದಬತ್ತಿಗಳನ್ನು ಹಚ್ಚಿ ಹಿಮ ಕರಗಿಸಿ ಕುಡಿದಳಂತೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಬಂದು ಜಗಲಿಯಲ್ಲಿ ಬಹಳ ಹೊತ್ತು ಕುಳಿತಿದ್ದೆ.

ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಹೆಬ್ರಾನಿನಲ್ಲಿ ಸಮುದ್ರದ ಮಂಜುಗಡ್ಡೆಗೆ ಕಿಂಡಿ ಕೊರೆದು ಶವಗಳನ್ನು ನೀರಿಗೆ ಇಳಿಬಿಟ್ಟರು. ಓಕಾಕಿನಲ್ಲಿ ಬದುಕುಳಿದ ಹೆಂಗಸರು ಮಿಷನ್ನಿನವರ ಜೊತೆ ಸೇರಿ ಒಂದು ದೊಡ್ಡ ಗುಂಡಿ ತೋಡಿದರು. ಹೆಂಗಸರು ಎಂದು ಬರೆಯಲು ಕಾರಣವಿದೆ: ಆ ಊರಿನ ವಯಸ್ಕ ಗಂಡಸರೆಲ್ಲ ಸತ್ತಿದ್ದರು. ಅಪಾಯಕಾರಿಯಾಗಿದ್ದ ನಾಯಿಗಳನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅದು ಅನಿವಾರ್ಯವಾಗಿತ್ತು. ಆದರೆ ನಾಯಿಗಳಿಲ್ಲದ ಮನೆ ಎತ್ತಿಲ್ಲದ ರೈತನ ಮನೆಯಂತೆ. ಕಯಾಕ್ ನಡೆಸುವ ಕೈಗಳಿಲ್ಲ, ಸ್ಲೆಡ್ಜ್ ಎಳೆಯುವ ನಾಯಿಗಳಿಲ್ಲ, ಕಳೆದ ಸುಗ್ಗಿಯ ಮಾಂಸವಿಲ್ಲ, ಮುಂದಿನ ಸುಗ್ಗಿಗೆ ಹೋಗುವವರಿಲ್ಲ. ಉಳಿದ ಹೆಂಗಸರು, ಮಕ್ಕಳು ಹೆಬ್ರಾನ್, ನೇಯ್ನ್, ಹೋಪ್‌ಡೇಲ್‌ಗಳಿಗೆ ಹಂಚಿಹೋದರು. ಮನೆಗಳಿಗೂ ಸಾಮಾನುಗಳಿಗೂ ಬೆಂಕಿಯಿಟ್ಟರು. ನೂರನಲವತ್ತು ವರ್ಷಗಳಿಂದ ಇದ್ದ ಊರು ನಕ್ಷೆಯಿಂದ ಅಳಿಸಿಹೋಯಿತು. ಸತ್ತವರ ಲೆಕ್ಕವನ್ನು ಎಲ್ಲ ಪುಸ್ತಕಗಳೂ ಕೊಡುತ್ತವೆ. ಯಾವ ಕೊಲ್ಲಿಯಲ್ಲಿ ಯಾವ ಗಾಳಿಗೆ ಸೀಲ್ ಬರುತ್ತದೆ, ಎಲ್ಲಿ ಮಂಜು ತೆಳುವಾಗಿರುತ್ತದೆ ಎಂದು ಮಗನಿಗೆ ಹೇಳಿಕೊಡಬೇಕಾಗಿದ್ದ ತಂದೆಯರು ಒಟ್ಟಿಗೇ ಹೋದರೆ ಏನು ನಷ್ಟವಾಯಿತೆಂಬುದಕ್ಕೆ ಲೆಕ್ಕದ ಕೋಷ್ಟಕದಲ್ಲಿ ಜಾಗವಿಲ್ಲ.

ಇದು ತಪ್ಪಿಸಲಾಗದ ವಿಧಿಯಾಗಿತ್ತೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಅದೇ ಚಳಿಗಾಲದಲ್ಲಿ ಖಂಡದ ಇನ್ನೊಂದು ಕೊನೆಯಲ್ಲಿ, ಅಲಾಸ್ಕಾದ ಸೂವರ್ಡ್ ಪರ್ಯಾಯದ್ವೀಪದಲ್ಲಿ, ಬ್ರೆವಿಗ್ ಮಿಷನ್ ಎಂಬ ಹಳ್ಳಿಯ ಸುಮಾರು 80 ಜನರಲ್ಲಿ 72 ಮಂದಿ ಐದು ದಿನಗಳೊಳಗೆ ಸತ್ತರು. (ಅಲ್ಲಿಯ ಹೆಪ್ಪುಗಟ್ಟಿದ ಸಮಾಧಿಯಿಂದ 1997ರಲ್ಲಿ ಯೋಹಾನ್ ಹುಲ್ಟಿನ್ ಎಂಬ ವೈದ್ಯ ತಂದ ಶ್ವಾಸಕೋಶದ ತುಣುಕು 1918ರ ವೈರಸ್ಸಿನ ಪೂರ್ಣ ವಂಶವಾಹಿ ರಚನೆಯನ್ನು 2005ರಲ್ಲಿ ತಿಳಿಯಲು ನೆರವಾಯಿತು, ಅದು ಬೇರೆಯೇ ಒಂದು ಲೇಖನದ ವಸ್ತು.) ಅದೇ ಪರ್ಯಾಯದ್ವೀಪದ ಉತ್ತರ ದಡದ ಶಿಶ್ಮರೆಫ್ ಹಳ್ಳಿಯವರು ಸುದ್ದಿ ತಿಳಿದ ಕೂಡಲೇ ದಾರಿಯಲ್ಲಿ ಬಂದೂಕು ಹಿಡಿದ ಕಾವಲುಗಾರರನ್ನು ನಿಲ್ಲಿಸಿ ಯಾರನ್ನೂ ಒಳಬಿಡಲಿಲ್ಲ. ಅವರು ಉಳಿದರು. ಓಕಾಕಿನವರಿಗೆ ಹಾಗೆ ಮಾಡುವ ಅವಕಾಶವೇ ದೊರೆಯಲಿಲ್ಲ. ಎಚ್ಚರಿಕೆಯನ್ನು ತರಬೇಕಾಗಿದ್ದ ಹಡಗೇ ರೋಗವನ್ನು ತಂದಿತ್ತು. ಸೇಂಟ್ ಜಾನ್ಸ್‌ನಲ್ಲಿ ಕಾಯಿಲೆಯಿದೆಯೆಂದು ಗೊತ್ತಿದ್ದೂ ಹಡಗನ್ನು ಹೊರಡಲು ಬಿಟ್ಟವರ ಹೊಣೆಯನ್ನು ಇತಿಹಾಸ ಇನ್ನಷ್ಟು ಕಟುವಾಗಿ ವಿಚಾರಿಸಬೇಕಾಗಿತ್ತೆಂಬುದು ನನ್ನ ಅಭಿಪ್ರಾಯ.

ನೂರೆರಡು ವರ್ಷಗಳ ನಂತರ ಕೋವಿಡ್ ಬಂದಾಗ ಉತ್ತರದ ಜನ ಈ ಹಳೆಯ ಕಥೆಗಳನ್ನು ಮರೆತಿರಲಿಲ್ಲ. ಕೆನಡಾದ ನುನಾವುಟ್ ಪ್ರಾಂತ 2020ರ ಮಾರ್ಚ್‌ನಲ್ಲಿಯೇ ಹೊರಗಿನವರಿಗೆ ಬಾಗಿಲು ಮುಚ್ಚಿತು. ಅಲ್ಲಿ ಮೊದಲ ಸೋಂಕು ದೃಢಪಟ್ಟದ್ದು ನವೆಂಬರ್ 6ರಂದು. ಆಗ್ನೇಯ ಅಲಾಸ್ಕಾದ ದ್ವೀಪವೊಂದರಲ್ಲಿರುವ ಕೇಕ್ ಎಂಬ ಟ್ಲಿಂಗಿಟ್ ಜನರ ಹಳ್ಳಿಯ ಸಂಗತಿ ನನಗೆ ಇನ್ನೂ ಸ್ವಾರಸ್ಯಕರವೆನಿಸಿತು. ಸರಕು ಸಾಗಣೆ ಅಸ್ತವ್ಯಸ್ತವಾಗಿ ಅಂಗಡಿಯಲ್ಲಿ ಮಾಂಸ ದೊರೆಯುವುದು ಕಷ್ಟವಾದಾಗ, ಬೇಟೆಯ ಕಾಲ ಇನ್ನೂ ಆರಂಭವಾಗದಿದ್ದರೂ ತಮಗೆ ತುರ್ತಾಗಿ ಬೇಟೆಗೆ ಅಪ್ಪಣೆ ಕೊಡಬೇಕೆಂದು ಆ ಹಳ್ಳಿ ಕೇಂದ್ರ ಸರ್ಕಾರದ ಮಂಡಳಿಯನ್ನು ಕೇಳಿತು. ಅಪ್ಪಣೆ ದೊರೆಯಿತು. ಆರಿಸಿ ಕಳುಹಿಸಿದ ಬೇಟೆಗಾರರು ಮೂಸ್ ಮತ್ತು ಜಿಂಕೆಗಳನ್ನು ತಂದರು. ಮಾಂಸವನ್ನು ಊರಿನ ಮನೆಮನೆಗೂ ಹಂಚಲಾಯಿತು. ಅಪ್ಪಣೆ ಕೊಡುವ ಅಧಿಕಾರ ಕೇಂದ್ರದ ಮಂಡಳಿಗಿಲ್ಲವೆಂದು ಅಲಾಸ್ಕಾ ರಾಜ್ಯ ಸರ್ಕಾರ ನ್ಯಾಯಾಲಯಕ್ಕೆ ಹೋದದ್ದೂ ಉಂಟು. ಸರ್ಕಾರಗಳು ಎಲ್ಲೆಡೆಯೂ ಒಂದೇ ರೀತಿ!

ಓಕಾಕಿನ ಉಳಿದವರಲ್ಲಿ ಕೆಲವರಿಗೆ ಆಶ್ರಯ ಕೊಟ್ಟ ಹೆಬ್ರಾನ್ ಕೂಡ ಇಂದು ಊರಾಗಿ ಉಳಿದಿಲ್ಲ. 1959ರಲ್ಲಿ ಆ ನೆಲೆಯನ್ನು ಮುಚ್ಚಿ ಜನರನ್ನು ದಕ್ಷಿಣಕ್ಕೆ ಸಾಗಿಸಿದರು. ಪರಿಚಯವಿಲ್ಲದ ನೀರು, ಪರಿಚಯವಿಲ್ಲದ ನೆಲ; ಒಳ್ಳೆಯ ಬೇಟೆಯ ಜಾಗಗಳು ಆಗಲೇ ಅಲ್ಲಿದ್ದವರ ಪಾಲಿಗೆ ಸೇರಿದ್ದವು. ಆ ಸ್ಥಳಾಂತರಕ್ಕಾಗಿ ಪ್ರಾಂತೀಯ ಸರ್ಕಾರ ಕ್ಷಮೆ ಕೇಳಿದ್ದು 2005ರಲ್ಲಿ. ಅಷ್ಟು ಹೊತ್ತಿಗೆ, ಓಕಾಕಿನಿಂದ ಮಗುವಾಗಿ ಹೆಬ್ರಾನಿಗೆ ಬಂದು, ಹೆಬ್ರಾನಿನಿಂದ ಮತ್ತೊಮ್ಮೆ ಗಂಟುಮೂಟೆ ಕಟ್ಟಿದವರು ಯಾರಾದರೂ ಇದ್ದಿದ್ದರೆ, ಅವರಿಗೆ ತೊಂಬತ್ತರ ಆಸುಪಾಸಿನ ವಯಸ್ಸು.